ಕಡಲ ಮೀನು ಸಾಕಣೆ ನೀತಿಗೆ ಗಂಗಾವತಿಯಿಂದ ಅಭಿಪ್ರಾಯ ಬರೆಯುವುದು ಹೇಗೆ?

'ಸಮುದ್ರಕ್ಕೂ ನಮಗೂ ಏನ್ರೀ ಸಂಬಂಧ?' ಕಡಲ ಮೀನು ಸಾಕಣೆ ನೀತಿಯ ಮಾತು ತೆಗೆದರೆ ಗಂಗಾವತಿಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಇದೇ. ಸಂಬಂಧ ಇದೆ. ಐಸ್ ಪೆಟ್ಟಿಗೆಯಲ್ಲಿ ನಮ್ಮ ಸಂತೆಗೆ ಬರುವ ಬಂಗುಡೆ ಕರಾವಳಿಯದು. ನೀರಿನಲ್ಲಿ ಬಲೆಯ ಪಂಜರ ಇಳಿಸಿ ಮೀನು ಸಾಕುವಾಗ ಏಳುವ ಜಗಳ ತುಂಗಭದ್ರಾ ಹಿನ್ನೀರಿಗೂ ಹೊಸದಲ್ಲ. ಸರ್ಕಾರ ಕರಡು ನೀತಿ ಹೊರಡಿಸಿ ಅಭಿಪ್ರಾಯ ಕೇಳಿದಾಗ ಉತ್ತರ ಕೊಡಲು ಕಡಲ ತಡಿಯಲ್ಲೇ ಹುಟ್ಟಿರಬೇಕಿಲ್ಲ.

ಮೊದಲು ಕಾಗದ ಯಾರಿಗೆ ಹೋಗಬೇಕು ನೋಡಿ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ಒಳಗಿನ ಮೀನುಗಾರಿಕೆ ರಾಜ್ಯದ್ದು. ಅದರಾಚೆ ಕೇಂದ್ರದ್ದು. ಕರಡು ಯಾರದ್ದೋ ಅವರಿಗೇ ಬರೆಯಿರಿ, ಇನ್ನೊಬ್ಬರಿಗೆ ಪ್ರತಿ ಕಳಿಸಿ.

ಆಮೇಲೆ ಗಡುವು. ಕಾಯ್ದೆ, ನಿಯಮಗಳ ಕರಡು ಕನಿಷ್ಠ 30 ದಿನ ಜನರ ಮುಂದೆ ಇರಬೇಕು ಎಂದು ಕೇಂದ್ರ 2014ರಲ್ಲೇ ಹೇಳಿದೆ. ನೀತಿಯ ಕರಡಾದರೆ ಕೊನೆಯ ದಿನಾಂಕವನ್ನು ಅದರಲ್ಲೇ ಹುಡುಕಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕರಡು ಇಂಗ್ಲಿಷ್‌ನಲ್ಲೇ ಇದ್ದರೆ ಕನ್ನಡ ಪ್ರತಿ ಕೇಳಿ. ಅರ್ಥವಾಗದ ಕಾಗದಕ್ಕೆ ಅಭಿಪ್ರಾಯ ಹೇಳು ಅನ್ನೋದು ನ್ಯಾಯ ಅಲ್ವಲ್ಲ!

ಪೂರ್ತಿ ಓದಲು ಆಗದಿದ್ದರೆ ಮೂರು ವಿಷಯ ಹುಡುಕಿ. ನೀರಿನ ಜಾಗ ಯಾರಿಗೆ, ಎಷ್ಟು ವರ್ಷ ಗುತ್ತಿಗೆ? ಬಲೆ ಹಾಕುವವರ ದಾರಿ ಏನಾಗುತ್ತದೆ? ಪಂಜರದ ಮೀನಿಗೆ ಮೇವು ಎಲ್ಲಿಂದ? ಕೊನೆಯದನ್ನು ಜನ ಮರೆಯುತ್ತಾರೆ. ಪಂಜರದಲ್ಲಿ ಬೆಳೆಸುವ ಕುರಡಿ (ಸೀಬಾಸ್) ಬೇರೆ ಮೀನು ತಿಂದು ಬದುಕುವ ಜಾತಿ. ಬೂತಾಯಿಯಂಥ ಸಣ್ಣ ಮೀನು ಪುಡಿಯಾಗಿ ಅದರ ಮೇವಿಗೆ ಹೋದರೆ, ಬಡವರ ತಾಟಿಗೆ ಏನು ಉಳಿದೀತು?

ಇನ್ನು ಬರೆಯುವುದು. ನಿಜವಾದ ಕೆಲಸ ಇರುವುದು ಇಲ್ಲೇ. ಕೆಲ ವರ್ಷಗಳ ಹಿಂದೆ ಹಿನ್ನೀರಿನ ದಂಡೆಯ ಒಂದು ಊರಲ್ಲಿ ಮೀನುಗಾರರ ಜೊತೆ ಕೂತು ಅರ್ಜಿ ಬರೆದಿದ್ದೆ. ಮೊದಲ ಪ್ರತಿಯಲ್ಲಿ 'ನಮ್ಮ ಹೊಟ್ಟೆ ಮೇಲೆ ಹೊಡೀಬ್ಯಾಡ್ರಿ' ಅಂತ ಮಾತ್ರ ಇತ್ತು. ಆಗ ಹಿರಿಯರೊಬ್ಬರು ಹರಿಗೋಲಿನ ಹುಟ್ಟು ತಗೊಂಡು ಒದ್ದೆ ಮಣ್ಣಿನಲ್ಲಿ ಗೆರೆ ಎಳೆದರು. 'ಬ್ಯಾಸಗಿಯಾಗ ನೀರು ಇಳಿದ ಮ್ಯಾಲ ಬಲೆ ಬೀಸಾಕ ಉಳಿಯೋದು ಇಷ್ಟ ಜಾಗ. ಪಂಜರ ಇಲ್ಲೇ ಬಂದ್ರ ಅದರ ಹಗ್ಗಕ್ಕ ಬಲೆ ಸಿಕ್ಕು ಹರೀತದ.' ಆ ಗೆರೆಯನ್ನೇ ನಕ್ಷೆ ಮಾಡಿ ಕಾಗದಕ್ಕೆ ಇಳಿಸಿದೆವು. ಕರಾವಳಿಯಲ್ಲಿ ದಡದಿಂದ ಕೈರಂಪಣಿ ಬಲೆ ಎಳೆಯುವವರ ಕಷ್ಟವೂ ಇದೇ. ಹಾಗಾಗಿ ಆ ಅನುಭವವನ್ನು ಕಡಲ ನೀತಿಗೂ ಧೈರ್ಯವಾಗಿ ಬರೆಯಿರಿ.

ಒಂದು ಅಂಶಕ್ಕೆ ಒಂದು ಪ್ಯಾರಾ ಸಾಕು. ಕರಡಿನ ಕಲಂ ಸಂಖ್ಯೆ ಹಾಕಿ, ತೊಂದರೆ ಹೇಳಿ, ಬದಲಿಗೆ ಯಾವ ಸಾಲು ಇರಬೇಕು ಅಂತ ನೀವೇ ಬರೆದುಕೊಡಿ. 'ಪಂಜರಕ್ಕೆ ಜಾಗ ಗುರುತಿಸುವ ಮೊದಲು ಸ್ಥಳೀಯ ಮೀನುಗಾರರ ಸಹಕಾರ ಸಂಘದ ಒಪ್ಪಿಗೆ ಪಡೆಯಬೇಕು' ಎಂಬಂಥ ಒಂದು ಸಾಲು ಹತ್ತು ಪುಟದ ಸಿಟ್ಟಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಇಮೇಲ್ ಮಾಡಿ, ಸ್ಪೀಡ್ ಪೋಸ್ಟಿನಲ್ಲೂ ಹಾಕಿ. ನಮ್ಮ ಅರ್ಜಿಗೆ ಉತ್ತರವೇ ಬರಲಿಲ್ಲ. ರಸೀದಿ ಯಾರೂ ಇಟ್ಟಿರಲಿಲ್ಲವಾದ್ದರಿಂದ ಕೇಳಲೂ ಆಗಲಿಲ್ಲ. ನೀವು ಇಟ್ಟುಕೊಳ್ಳಿ. ಅಂತಿಮ ನೀತಿ ಬಂದ ಮೇಲೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ: ಎಷ್ಟು ಅಭಿಪ್ರಾಯ ಬಂದವು, ನನ್ನದರ ಮೇಲೆ ಕಡತದಲ್ಲಿ ಏನು ಬರೆದಿದ್ದೀರಿ? 30 ದಿನದೊಳಗೆ ಉತ್ತರ ಕೊಡಬೇಕು. ರಾಜ್ಯದ ಕಚೇರಿಗಾದರೆ ಅರ್ಜಿ ಒಂದೇ ವಿಷಯದ್ದಿರಲಿ, 150 ಪದ ದಾಟದಿರಲಿ.