ಹರಿದ ಹವಳಕ್ಕೆ ಹೊಲಿಗೆ ಹಾಕಿದ್ದು

"ಕೊಳೆಯುವುದನ್ನು ತೆಗೆದು ಎಸೆಯಿರಿ, ತೊಟ್ಟಿಯೆಲ್ಲ ಕೆಡುತ್ತದೆ" ಎಂದವರೇ ಈಗ ನನಗೊಂದು ತುಂಡು ಕೊಡಿ ಎನ್ನುತ್ತಿದ್ದಾರೆ. ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಕೊಳೆಯತೊಡಗಿದ್ದ ಹವಳವೊಂದನ್ನು ಉಳಿಸಿಕೊಂಡೆ, ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಮೇ ತಿಂಗಳು. ಬಳ್ಳಾರಿಯ ಬಿಸಿಲು ಗೊತ್ತಲ್ಲ, 42 ಡಿಗ್ರಿ. ಮಧ್ಯಾಹ್ನ ಕರೆಂಟ್ ಹೋಯಿತು, ಇನ್ವರ್ಟರ್ ಕೈಕೊಟ್ಟಿತು. ನಾನು ನಮ್ಮ ಜೀನ್ಸ್ ಹೊಲಿಗೆ ಘಟಕದಲ್ಲಿದ್ದೆ. ಸಂಜೆ ಬಂದು ನೋಡಿದರೆ ನೀರು 32 ದಾಟಿತ್ತು. ಟೋಡ್‌ಸ್ಟೂಲ್ ಲೆದರ್ ಎಂಬ ಅಣಬೆಯಾಕಾರದ ಮೆದು ಹವಳ ಸೊರಗಿ ಪಕ್ಕಕ್ಕೆ ವಾಲಿತ್ತು. ಕರೆಂಟ್ ಬಂದದ್ದೇ ತಡ, ನೀರು ತಿರುಗಿಸುವ ಪಂಪಾದ ಪವರ್‌ಹೆಡ್ ಅದರ ಟೋಪಿಯ ಅಂಚನ್ನು ಒಳಗೆಳೆದುಕೊಂಡಿತ್ತು. ಅಂಚು ಚಿಂದಿ, ಕಾಂಡ ಅರ್ಧ ಸೀಳಿತ್ತು. ಚೆನ್ನೈನಿಂದ ರಾತ್ರಿ ಬಸ್ಸಿನಲ್ಲಿ ತರಿಸಿದ್ದು. ಸಾಗಣೆ ಸೇರಿ 3,500 ರೂಪಾಯಿ ಬಿದ್ದಿತ್ತು.

ಮೊದಲ ವಾರವನ್ನು ನಾನೇ ಹಾಳುಮಾಡಿದೆ. ಲೆದರ್ ಆಗಾಗ ಮೇಣದಂಥ ಪೊರೆ ಬಿಡುತ್ತದಲ್ಲ, ಇದೂ ಅದೇ ಎಂದುಕೊಂಡು ಸುಮ್ಮನಿದ್ದೆ. ಪೊರೆ ಹೊಳೆಯುತ್ತದೆ, ನಾರುವುದಿಲ್ಲ. ನನ್ನದು ಕಂದು ಲೋಳೆಯಾಗಿ ನಾರುತ್ತಿತ್ತು. ಆಮೇಲೆ ಸೂಪರ್ ಗ್ಲೂ ಹಾಕಿ ಕಲ್ಲಿಗೆ ಅಂಟಿಸಿದೆ. ಎರಡು ಗಂಟೆಯಲ್ಲಿ ಲೋಳೆಯ ಜೊತೆಗೆ ಅಂಟೂ ಕಳಚಿಬಂತು. ರಬ್ಬರ್ ಬ್ಯಾಂಡ್ ಬಿಗಿದೆ. ನಾಲ್ಕೇ ದಿನಕ್ಕೆ ಅದು ಕಾಂಡವನ್ನೇ ಕೊರೆದು ಅಲ್ಲಿ ಕಪ್ಪಾಯಿತು.

ಕೊನೆಗೆ ಹೊಸ ಬ್ಲೇಡ್ ಹಿಡಿದೆ. ಗಟ್ಟಿಯಾದ ಬಿಳಿ ಮಾಂಸ ಕಾಣುವವರೆಗೆ ಕತ್ತರಿಸಿದೆ, ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೋಯಿತು. ಇಲ್ಲಿ ಕೈ ಹಿಂದೆಗೆದರೆ ಕೊಳೆ ಮತ್ತೆ ಹತ್ತುತ್ತದೆ. ತೊಟ್ಟಿಯ ನೀರನ್ನೇ ಬೇರೆ ಪಾತ್ರೆಗೆ ತೆಗೆದು, ಅದಕ್ಕೆ ಗಾಯಕ್ಕೆ ಹಚ್ಚುವ ಪೋವಿಡೋನ್ ಅಯೋಡಿನ್ ಬೆರೆಸಿ, ತಿಳಿ ಚಹಾ ಬಣ್ಣಕ್ಕೆ ತಂದು, ಹತ್ತು ನಿಮಿಷ ಅದ್ದಿದೆ. ಎಷ್ಟು ಹನಿ ಎಂಬುದು ನನ್ನಲ್ಲಿರಲಿ.

ಆಮೇಲೆ ಕುಲಕಸುಬು. ಜೀನ್ಸಿನ ದಾರ ಬಣ್ಣ ಬಿಟ್ಟಿತು, ಬಿಚ್ಚಿದೆ. ಸಣ್ಣ ಕೈಸೂಜಿಗೆ ಮೀನು ಹಿಡಿಯುವ ನೈಲಾನ್ ದಾರ ಪೋಣಿಸಿ, ಕಾಂಡದ ಬುಡವನ್ನು ಸಣ್ಣ ಕಲ್ಲುಚೂರಿಗೆ ಮೂರು ಹೊಲಿಗೆಯಲ್ಲಿ ಸಡಿಲವಾಗಿ ಹಿಡಿಸಿದೆ. ಗಂಟು ಎಲ್ಲಿ ಬರಬೇಕೆಂಬುದನ್ನೂ ಹೇಳುವುದಿಲ್ಲ; ಮೂವತ್ತು ವರ್ಷ ಪ್ಯಾಂಟ್ ಹೊಲಿದವನಿಗೆ ಅಷ್ಟಾದರೂ ಹಕ್ಕಿರಲಿ.

ಗಾಯವಾದ ಲೆದರ್ ನೀರಿಗೆ ವಿಷ ಬಿಡುತ್ತದೆ. ಪಕ್ಕದಲ್ಲಿದ್ದ, ಹೂವಿನಂಥ ಪುಟ್ಟ ಜೀವಿಗಳಾದ ಜೋಆಗಳು ಮುಚ್ಚಿಕೊಂಡೇ ಇದ್ದವು. ನೀರಿನ ವಿಷ ಹೀರುವ ಕಾರ್ಬನ್ ಅನ್ನು ನಾಲ್ಕು ದಿನಕ್ಕೊಮ್ಮೆ ಬದಲಿಸಿದ ಮೇಲೆ ಅರಳಿದವು.

ಬಿಸಿಗೆ ನೀರು ತಣಿಸುವ ಚಿಲ್ಲರ್ ಕೊಳ್ಳುವ ಶಕ್ತಿ ನನಗಿಲ್ಲ. ಐಸ್ ಬಾಟಲಿ ತೇಲಿಬಿಟ್ಟೆ. ನೀರು ಮೂರು ಡಿಗ್ರಿ ಇಳಿದು ಮತ್ತೆ ಏರಿತು, ಅದು ಇನ್ನೂ ಕೆಟ್ಟದ್ದು. ತೊಟ್ಟಿಗೆ ಒದ್ದೆ ಗೋಣಿ ಸುತ್ತಿದೆ. ನೆಲ ನೆನೆದು ಮನೆಯವರ ಬೈಗುಳ ಸಿಕ್ಕಿತು, ಅಷ್ಟೇ. 600 ರೂಪಾಯಿಯ ಎರಡು ಕಂಪ್ಯೂಟರ್ ಫ್ಯಾನ್ ನೀರಿನ ಮೇಲೆ ಬೀಸಿ 28ರ ಆಸುಪಾಸಿನಲ್ಲಿ ನಿಲ್ಲಿಸಿದವು. ದಿನಕ್ಕೆ ನಾಲ್ಕೈದು ಲೀಟರ್ ಆವಿಯಾಗುತ್ತಿತ್ತು, ಮತ್ತೆ ತುಂಬಿದ್ದು ಅಷ್ಟೂ ಆರ್‌ಒ ನೀರು. ನಮ್ಮ ಬೋರ್ ನೀರಿಗೆ ಆರ್‌ಒ ಪೊರೆ ಎಂಟು ತಿಂಗಳೂ ಬಾಳುವುದಿಲ್ಲ, ಆ ಲೆಕ್ಕ ಬೇರೆ.

ಹನ್ನೆರಡನೇ ದಿನ ಅಂಚಿನಲ್ಲಿ ಹವಳದ ಪುಟ್ಟ ಜೀವಿಗಳಾದ ಪಾಲಿಪ್ ನಾಲ್ಕಾರು ಇಣುಕಿದವು. ಐದನೇ ವಾರಕ್ಕೆ ಬುಡ ಕಲ್ಲು ಕಚ್ಚಿತು, ದಾರ ಬಿಡಿಸಿದೆ. ಕತ್ತರಿಸಿದ್ದರಲ್ಲಿ ಚೆನ್ನಾಗಿದ್ದ ಮೂರು ಚೂರುಗಳನ್ನು ಕಲ್ಲುಚೂರು ತುಂಬಿದ ಡಬ್ಬಿಯಲ್ಲಿಟ್ಟು ಸೊಳ್ಳೆಪರದೆ ಮುಚ್ಚಿದ್ದೆ. ಎರಡು ಹಿಡಿದವು, ಒಂದು ಕರಗಿತು. ಎಲ್ಲ ಸೇರಿ ಎರಡು ಸಾವಿರದ ಮೇಲೆ ಖರ್ಚಾಗಿರಬೇಕು. ತುಂಡು ಕೇಳಿದವರು ದಸರೆ ಕಳೆದ ಮೇಲೆ ಬನ್ನಿ, ಬುಡ ಇನ್ನೂ ಎಳೆಯದು.