ಕಪ್ಪತ್ತಗುಡ್ಡದಲ್ಲಿ ಸುತ್ತುದಾರಿಯ ಚಾರಣ: ಅರ್ಧ ದಾರಿಗೆ ಮೊದಲೇ ಆಗಬೇಕಾದ ತೀರ್ಮಾನ

ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತ್ತಗಿರಿ ನೋಡಬೇಕು ಎಂಬ ಮಾತು ಗದಗ ಸೀಮೆಯಲ್ಲಿ ಹಿಂದಿನಿಂದ ಬಂದಿದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹರಡಿರುವ ಈ ಗುಡ್ಡಸಾಲನ್ನು ಕಾಣಲು ಒಂದು ಕಡೆ ಹತ್ತಿ, ಇನ್ನೊಂದು ಕಡೆ ಇಳಿದು, ಹೊರಟಲ್ಲಿಗೇ ಬಂದು ಸೇರುವ ಸುತ್ತುದಾರಿಯೇ ಒಳ್ಳೆಯದು. ಆದರೆ ದಾರಿ ಹೇಗೂ ಹೊರಟಲ್ಲಿಗೇ ತಂದು ಬಿಡುತ್ತದೆ ಎಂಬ ಭರವಸೆಯಲ್ಲಿ ಜನ ಸಿದ್ಧತೆಯಿಲ್ಲದೆ ಹೊರಡುವುದನ್ನು ಮತ್ತೆ ಮತ್ತೆ ಕಂಡಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ ಅನುಮತಿ. ಕಪ್ಪತ್ತಗುಡ್ಡದ 244.15 ಚದರ ಕಿ.ಮೀ. ಪ್ರದೇಶವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಗಿದ್ದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲ್ಲಿಗೆ ಅನ್ವಯಿಸುತ್ತದೆ. ಆದ್ದರಿಂದ ಕೆಲವು ದಿನ ಮುಂಚೆಯೇ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ, ಯಾವ ದಾರಿಯಲ್ಲಿ ನಡೆಯಬಹುದು, ಯಾವುದರಲ್ಲಿ ಕೂಡದು ಎಂಬುದನ್ನು ಕೇಳಿ ತಿಳಿಯಬೇಕು. ಇಲಾಖೆಯವರು ತೋರಿಸಿದ ದಾರಿಯನ್ನೇ ಹಿಡಿಯಬೇಕು. ಗುಡ್ಡ ಬಲ್ಲ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡರೆ ಇನ್ನೂ ಮೇಲು.

ಮಳೆ ಹಿಡಿದು ಗುಡ್ಡ ಹಸಿರಾದ ಮೇಲೆ, ಅಂದರೆ ಜುಲೈನಿಂದ ಡಿಸೆಂಬರ್‌ವರೆಗೆ ನಡೆಯಲು ತಕ್ಕ ಕಾಲ. ಫೆಬ್ರುವರಿ ಕಳೆದರೆ ಬಾದೆ ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಬೀಡಿಯ ಕಿಡಿ ಸಾಕು, ಔಷಧಿ ಸಸ್ಯಗಳಿಗೆ ಹೆಸರಾದ ಇಳಿಜಾರೆಲ್ಲ ಬೂದಿಯಾಗುತ್ತದೆ. ಯಾವ ಕಾಲದಲ್ಲೇ ಹೋದರೂ ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ.

ಇನ್ನು ಸಮಯದ ಲೆಕ್ಕ. ಸ್ಕಾಟ್‌ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವನ್ನು ಗುಡ್ಡ ಹತ್ತುವವರು ಇಂದಿಗೂ ಬಳಸುತ್ತಾರೆ: ಐದು ಕಿ.ಮೀ.ಗೆ ಒಂದು ತಾಸು, ಅದರ ಮೇಲೆ ಪ್ರತಿ ನೂರು ಮೀಟರ್ ಏರಿಗೆ ಹತ್ತು ನಿಮಿಷ. ಒಟ್ಟು ಮುನ್ನೂರು ಮೀಟರ್ ಏರಿರುವ ಒಂಬತ್ತು ಕಿ.ಮೀ. ಸುತ್ತಿಗೆ ಇದು ಎರಡೂಕಾಲು ತಾಸು ಚಿಲ್ಲರೆಯಾಗುತ್ತದೆ. ಕಲ್ಲು, ಬಿಸಿಲು, ನಮ್ಮ ರೂಢಿ ಎಲ್ಲ ಸೇರಿಸಿ ಇದರ ಒಂದೂವರೆ ಪಟ್ಟು ಹಿಡಿದು, ವಿಶ್ರಾಂತಿಗೆ ಇನ್ನೊಂದು ತಾಸು ಕೂಡಿಸಿದರೆ ನಾಲ್ಕೂವರೆ ತಾಸು ಬೇಕು. ಹುಬ್ಬಳ್ಳಿಯಿಂದ ಬರುವವರು ಐದು ಗಂಟೆಗೆ ಮೊದಲೇ ಮನೆ ಬಿಟ್ಟರೆ ಮಧ್ಯಾಹ್ನದ ಬಿಸಿಲು ಏರುವಷ್ಟರಲ್ಲಿ ಇಳಿದಿರಬಹುದು.

ತಲಾ ಮೂರು ಲೀಟರ್ ನೀರು, ಟೋಪಿ, ಹಿಡಿತವಿರುವ ಬೂಟು, ಪೂರ್ಣ ಚಾರ್ಜಾದ ಮೊಬೈಲಿನಲ್ಲಿ ಇಂಟರ್‌ನೆಟ್ ಇಲ್ಲದೆಯೂ ತೆರೆಯುವ ನಕ್ಷೆ, ಸಣ್ಣ ಟಾರ್ಚ್ ಇರಬೇಕು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಕಟ್ಟಿಕೊಂಡರೆ ಕೆಡುವ ಚಿಂತೆಯಿಲ್ಲ.

ಸುತ್ತನ್ನು ಯಾವ ಕಡೆಯಿಂದ ಸುತ್ತಬೇಕು ಎಂಬುದನ್ನೂ ಮೊದಲೇ ಯೋಚಿಸಬೇಕು. ಕಡಿದಾದ ಏರನ್ನು ಬೆಳಿಗ್ಗೆ ಮುಗಿಸಿ, ಇಳಿಯಲು ಸೌಮ್ಯವಾದ ಕಡೆಯನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಏಕೆಂದರೆ ಇಲ್ಲಿನ ಗರಸು ಮಣ್ಣಿನಲ್ಲಿ ಹತ್ತುವಾಗ ಜಾರುವುದಕ್ಕಿಂತ, ದಣಿದ ಮೊಣಕಾಲಿನಲ್ಲಿ ಇಳಿಯುವಾಗ ಜಾರುವುದೇ ಹೆಚ್ಚು.

ದಾರಿ ತಪ್ಪುವುದು ಬಹುತೇಕ ಕವಲುಗಳಲ್ಲಿ. ಗುಡ್ಡದಲ್ಲಿ ಮನುಷ್ಯರು ನಡೆದ ದಾರಿಗಿಂತ ದನ, ಕುರಿಗಳ ಜಾಡು ಹೆಚ್ಚು. ನೋಡಲು ಎರಡೂ ಒಂದೇ. ಒಮ್ಮೆ ನಾನೂ ನುಣ್ಣಗೆ ಸವೆದ ಜಾಡೊಂದನ್ನು ನಂಬಿ ಅರ್ಧ ತಾಸು ನಡೆದೆ. ಅದು ಮುಳ್ಳುಕಂಟಿಯೊಳಗಿನ ಒಂದು ಹೊಂಡದ ಬಳಿ ಮುಗಿಯಿತು. ಆಗ ಜೊತೆಗಿದ್ದ ಕುರಿಗಾಹಿ ಹಿರಿಯರೊಬ್ಬರು, ‘ಕೆಳಗ ನೋಡಬ್ಯಾಡ್ರಿ, ಎದಿಮಟ್ಟ ನೋಡ್ರಿ’ ಎಂದರು. ಕುರಿಯ ಜಾಡಿನಲ್ಲಿ ನೆಲ ಸವೆದಿದ್ದರೂ ಎದೆಯ ಎತ್ತರದಲ್ಲಿ ಟೊಂಗೆಗಳು ಅಡ್ಡಲಾಗಿ ಹೆಣೆದುಕೊಂಡಿರುತ್ತವೆ. ಜನ ನಡೆಯುವ ದಾರಿಯಲ್ಲಿ ತಲೆಯ ಎತ್ತರದವರೆಗೂ ಟೊಂಗೆಗಳು ಮುರಿದು ತೆರವಾಗಿರುತ್ತವೆ. ಅಂದಿನಿಂದ ಪ್ರತಿ ಕವಲಿನಲ್ಲೂ ನಿಂತು ಎದೆಮಟ್ಟ ನೋಡುತ್ತೇನೆ, ಹಿಂದಕ್ಕೆ ತಿರುಗಿ ಒಂದು ಫೋಟೊ ತೆಗೆಯುತ್ತೇನೆ. ಮರಳಬೇಕಾದರೆ ದಾರಿ ಕಾಣುವುದು ಆ ದಿಕ್ಕಿನಿಂದಲೇ. ನೆತ್ತಿಯ ಗಾಳಿಯಂತ್ರಗಳೂ ಸಹಾಯಕ್ಕೆ ಬರುತ್ತವೆ: ಮುಂಗಾರಿನ ದಿನಗಳಲ್ಲಿ ಅವು ಸಾಮಾನ್ಯವಾಗಿ ಪಶ್ಚಿಮದ ಗಾಳಿಗೆ ಮುಖ ಮಾಡಿರುತ್ತವೆ.

ಎಲ್ಲಕ್ಕಿಂತ ಮುಖ್ಯವಾದುದು ಮರಳುವ ತೀರ್ಮಾನ. ಒಂಬತ್ತು ಕಿ.ಮೀ. ಸುತ್ತಿನಲ್ಲಿ ಮೂರು ಕಿ.ಮೀ. ನಡೆದಾಗ ಹಿಂದಿರುವುದು ಮೂರು, ಮುಂದಿರುವುದು ಆರು. ನಾಲ್ಕೂವರೆ ದಾಟಿದ ಮೇಲೆ ಹಿಂದಿನ ದಾರಿ ಉದ್ದವಾದರೂ ಗೊತ್ತಿರುವುದು, ಮುಂದಿನದು ಗಿಡ್ಡವಾದರೂ ಗೊತ್ತಿಲ್ಲದ್ದು. ದಣಿದ ಮನಸ್ಸು ಗಿಡ್ಡದ್ದನ್ನೇ ಆರಿಸುತ್ತದೆ. ಆದ್ದರಿಂದ ಮೂರನೆಯ ಕಿ.ಮೀ.ನಲ್ಲಿಯೇ ಕುಳಿತು ನೋಡಬೇಕು. ಲೆಕ್ಕಕ್ಕಿಂತ ಅರ್ಧ ತಾಸು ತಡವಾಗಿದ್ದರೆ, ಅರ್ಧ ನೀರು ಆಗಲೇ ಖರ್ಚಾಗಿದ್ದರೆ, ಇಲ್ಲವೇ ಒಬ್ಬರ ಕಾಲು ನೋಯುತ್ತಿದ್ದರೆ ಅಲ್ಲಿಂದಲೇ ಹಿಂದಿರುಗಬೇಕು.

ಚಿರತೆ, ತೋಳ, ಕತ್ತೆಕಿರುಬಗಳಿರುವ ಕಾಡಿದು. ಸಂಜೆಯ ಮಬ್ಬಿನಲ್ಲಿ ಒಳಗಿರಬಾರದು. ಚಿರತೆ ಕಂಡರೆ ಓಡದೆ, ಗುಂಪಾಗಿ ನಿಂತು, ಮುಖ ತಿರುಗಿಸದೆ ನಿಧಾನವಾಗಿ ಹಿಂದೆ ಸರಿಯಬೇಕು. ಬಂಡೆಯನ್ನು ದಾಟುವಾಗ ಆಚೆಯ ನೆಲ ಕಾಣದೆ ಕಾಲಿಡಬಾರದು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡದಂತೆ ಕೋಲಿಗೆ ಸಡಿಲವಾಗಿ ಕಟ್ಟಿ, 108ಕ್ಕೆ ಕರೆ ಮಾಡಿ, ಆದಷ್ಟು ಬೇಗ ಆಸ್ಪತ್ರೆ ಸೇರಿಸಬೇಕು.

ಇಳಿದ ಮೇಲೆ, ಗಾಡಿ ಹತ್ತುವ ಮೊದಲು ಸಾಕ್ಸ್ ಕಳಚಿ ನೋಡಿ. ಹುಲ್ಲಿನ ಬೀಜದ ಮುಳ್ಳುಗಳು, ಅವುಗಳ ಬಾಲ ಬೆವರಿನ ತೇವಕ್ಕೆ ತಿರುಚಿಕೊಂಡಂತೆಲ್ಲ, ಬಟ್ಟೆಯೊಳಗೆ ಇಳಿಯುತ್ತಲೇ ಇರುತ್ತವೆ. ಅವುಗಳನ್ನು ಅಲ್ಲಿಯೇ ಕಿತ್ತು ಬಿಟ್ಟು, ಎಲ್ಲರೂ ಇಳಿದಿದ್ದೇವೆ ಎಂದು ಅರಣ್ಯ ಸಿಬ್ಬಂದಿಗೂ ಮನೆಯವರಿಗೂ ತಿಳಿಸಿ ಹೊರಡಿ.