ಬಾರ್ಶಿ ಲೈಟಿನ ಹಳೇ ದಾರಿ ಹುಡುಕೋದು ಹ್ಯಾಂಗ

ಪುಣೆದಾಗ ಇದ್ದು ಉದ್ಯಾನ್ ಎಕ್ಸ್‌ಪ್ರೆಸ್‌ನಾಗ ಊರಿಗೆ ಓಡಾಡೋ ನಮ್ಮ ಮಂದಿ ಎಷ್ಟೋ ಸಲ ಮಹಾರಾಷ್ಟ್ರದ ಕುರ್ಡುವಾಡಿ ದಾಟಿರ್ತಾರ, ಆದ್ರ ಅಲ್ಲಿಂದ ಬಾರ್ಶಿ ಲೈಟ್ ಅನ್ನೋ ಒಂದು ಖಾಸಗಿ ಕಂಪನಿ ರೈಲು ಹೊರಡ್ತಿತ್ತು ಅಂದ್ರ ನಂಬಂಗಿಲ್ಲ. 1897ಕ್ಕ ಬಾರ್ಶಿಗೆ ಶುರುವಾಗಿದ್ದು ಆಮ್ಯಾಲೆ ಪಂಢರಪುರ, ಲಾತೂರ್, 1927ಕ್ಕ ಮಿರಜ್ ತನಕ ಬಂತು, 1954ರಾಗ ಸರ್ಕಾರ ತೊಗೊಂಡ್ತು, ಕಡೀಕೆ ಬ್ರಾಡ್‌ಗೇಜ್ (ಅಗಲ ಹಳಿ) ಬಂದು ಸಣ್ಣ ಗಾಡಿ ಹೋಗೇ ಬಿಡ್ತು.

ಮೊದಲು ಮನ್ಯಾಗ ಕೂತು ಸ್ಯಾಟಲೈಟ್ ಮ್ಯಾಪ್ ತೆಗೀರಿ. ಬಾರ್ಶಿ-ಲಾತೂರ್ ನಡುವಿನ ಯೇಡ್ಶಿ ಕಡೆ ನೋಡ್ರಿ, ಹಳೇ ಲೈನು ಉಸ್ಮಾನಾಬಾದ್ (ಈಗಿನ ಧಾರಾಶಿವ್) ಊರಿಗೆ ಹೋಗ್ತಿದ್ದಿಲ್ಲ, ಬ್ರಾಡ್‌ಗೇಜ್ ಮಾಡೋವಾಗ ಆ ಊರು ಸೇರಿಸಲಿಕ್ಕೆ ದಾರಿ ತಿರುಗಿಸಿದ್ರು, ಹಿಂಗಾಗಿ ಹಳೇದು ಅಲ್ಲೇ ಉಳೀತು. ಯಾವ ಹೊಲದ ಬದುವಿಗೂ ಹೊಂದದೆ ಬಾಗಿಕೋತ ಹೋಗೋ ಪಟ್ಟಿ ಕಂಡ್ರ ಗುರುತು ಹಾಕ್ರಿ.

ಅಲ್ಲಿ ಹೋದಮ್ಯಾಲೆ ಹಳಿ ಹುಡುಕಬ್ಯಾಡ್ರಿ, ಏರಿ ಹುಡುಕ್ರಿ, ಅಂದ್ರ ಹಳಿ ಹಾಕಲಿಕ್ಕೆ ಕಟ್ಟಿದ ಮಣ್ಣಿನ ದಿಬ್ಬ. ಇದನ್ನ ಕಟ್ಟಿದ ಎವರಾರ್ಡ್ ಕ್ಯಾಲ್ತ್ರಾಪ್ ಪೈಸೆ ಪೈಸೆ ಲೆಕ್ಕ ಹಾಕೋ ಇಂಜಿನಿಯರು, ಇಂಜಿನ್ ಇರಲಿ ಡಬ್ಬಿ ಇರಲಿ ಒಂದು ಆಕ್ಸಲ್ (ಗಾಲಿ ಜೋಡಿಯ ಅಚ್ಚು) ಮ್ಯಾಲೆ 5 ಟನ್‌ಕಿಂತ ಹೆಚ್ಚು ಭಾರ ಬೀಳಬಾರ್ದು ಅಂತ ಮಾಡಿದ್ದ, ಅದಕ್ಕ ಗಜಕ್ಕ 30 ಪೌಂಡಿನ ಹಗುರ ಹಳಿ, 2 ಅಡಿ 6 ಇಂಚಿನ ಗೇಜ್ (ಎರಡು ಹಳಿ ನಡುವಿನ ಅಂತರ) ಸಾಕಾಯ್ತು, ಗುಡ್ಡ ಕಡಿಯೋದು ಬಿಟ್ಟು ನೆಲ ಹ್ಯಾಂಗ ಅದನೋ ಹಂಗ ಸುತ್ತು ಹಾಕಿದ. ಅಂದ್ರ ಏರಿ ಗಿಡ್ಡ, ತಿರುವು ಭಾಳ, ಮ್ಯಾಲೆ ಜಾಲಿಗಿಡ.

ನಾ ಮೊದಲ ಸಲ ಹೋದಾಗ ಒಂದು ತಾಸು ಕಾಲುವೆ ದಂಡಿ ಮ್ಯಾಲೆ ನಡದು ಇದೇ ಲೈನು ಅಂತ ಫೋಟೋ ಹೊಡ್ಕೊಂಡೆ! ಫರಕ್ ಇಷ್ಟೇ, ಕಾಲುವೆ ನೀರಿಗೆ ಏರು ಹತ್ತಲಿಕ್ಕೆ ಬರಂಗಿಲ್ಲ, ರೈಲಿಗೆ ಬರ್ತದ. ಏರಿ ಸ್ವಲ್ಪ ಸ್ವಲ್ಪ ಮ್ಯಾಲೆ ಹೋಗಿ ಮತ್ತ ಇಳೀತಿದ್ರ, ನಡುವ ಹಳ್ಳಕ್ಕ ಕಲ್ಲಿನ ಸಣ್ಣ ಮೋರಿ ಸಿಕ್ರ, ಅದೇ.

ಊರಾಗ ವಯಸ್ಸಾದವರಿಗೆ 'ಜುನೀ ಬಾರ್ಶಿ ಲೈಟ್ ಕುಠೂನ್ ಜಾಯಚೀ' (ಹಳೇ ಬಾರ್ಶಿ ಲೈಟ್ ಎಲ್ಲಿಂದ ಹೋಗ್ತಿತ್ತು) ಅಂತ ಮರಾಠ್ಯಾಗ ಕೇಳ್ರಿ. ವಾರಿ (ಪಂಢರಪುರ ಯಾತ್ರೆ) ಟೈಮಿನ ಗದ್ಲ ಹೇಳ್ಲಿಕ್ಕೆ ಶುರು ಮಾಡಿದ್ರ ತಡೀಬ್ಯಾಡ್ರಿ. ಕುರ್ಡುವಾಡ್ಯಾಗ ಗೇಜ್ ಬ್ಯಾರೆ ಅಂತ ಒಂದೊಂದು ಚೀಲಾನೂ ಇಳಿಸಿ ದೊಡ್ಡ ಗಾಡಿಗೆ ಹೇರಬೇಕಿತ್ತು, ಲಾರಿ ಬಂದಮ್ಯಾಲೆ ಆ ಉಸಾಬರಿ ಯಾರಿಗೆ ಬೇಕು?

ಹಳೇ ಏರಿ ಹೊಸ ಲೈನಿಗೆ ಕೂಡೋ ಕಡೆ ನಿಲ್ರಿ, ಮುಂದ ಹಳಿ ಮ್ಯಾಲೆ ನಡದ್ರ ರೈಲ್ವೆ ಆ್ಯಕ್ಟ್ 147ನೇ ಸೆಕ್ಷನ್ ಪ್ರಕಾರ ಕೇಸು.